ರಾಕ್ಷಸನ ಪ್ರಾಣ ಯಾವ ಗಿಳಿಯಲ್ಲಿದೆ?

ಪ್ರೀತಿಯ ತಂಗೀ,

ನಿನ್ನ ಕಾದಂಬರಿ ಓದಿ ಮುಗಿಸಿದೆ. ಬೆಟ್ಟದ ರಾಜ್ಯ, ಹಡಗಿನಲ್ಲಿ ಬಂದ ವ್ಯಾಪಾರಿಗಳು, ನೋಡನೋಡುತ್ತಲೇ ಅವರೇ ಒಡೆಯರಾಗುವುದು, ಕೊನೆಗೆ ಮಂತ್ರದ ಕತ್ತಿ ಹಿಡಿದ ಹುಡುಗಿ. ಎಲ್ಲೂ ಕೆಳಗಿಡೋಕೆ ಮನಸ್ಸಾಗಲಿಲ್ಲ. ಹೊಗಳಿಕೆ ಇಷ್ಟು ಸಾಕು. ಜಾಸ್ತಿ ಬೇಕಿದ್ದರೆ ಗೆಳತಿಯರನ್ನು ಕೇಳು.

ನನ್ನ ತಕರಾರೆಲ್ಲ ನಿನ್ನ ಚಕ್ರವರ್ತಿಯ ಮೇಲೆ. ಅವನು ಸುಮ್ನೆ ನಗುತ್ತಾನೆ. ಗೋಪುರದ ಮೇಲೆ ನಿಂತು ನಗುತ್ತಾನೆ, ಸಿಂಹಾಸನದಲ್ಲಿ ಕೂತು ನಗುತ್ತಾನೆ. ಹುಡುಗಿ ಅವನ ಎದೆಗೆ ಕತ್ತಿ ಇಳಿಸಿದ್ದೇ ತಡ, ಸೈನಿಕರು ಆಯುಧ ಕೆಳಗಿಡುತ್ತಾರೆ, ಮಳೆ ಬರುತ್ತದೆ, ರಾಜ್ಯ ಸ್ವತಂತ್ರವಾಗುತ್ತದೆ. 'ಹಾಗಾದ್ರೆ ಈ ವರ್ಷದ ಕಂದಾಯ ಯಾರಿಗೆ ಕಟ್ಟಬೇಕು?' ಅಂತ ಒಬ್ಬನಾದರೂ ಕೇಳಬೇಡವೇ?

ಈ ವಿಷಯದಲ್ಲಿ ಅಜ್ಜಿಕತೆಗಳು ನಮಗಿಂತ ಜಾಣ. ಅಲ್ಲಿ ರಾಕ್ಷಸನ ಎದೆಗೆ ಎಷ್ಟು ಸಲ ತಿವಿದರೂ ಅವನು ಸಾಯುವುದಿಲ್ಲ. ಅವನ ಪ್ರಾಣ ಏಳು ಸಮುದ್ರದಾಚೆ ಒಂದು ಗಿಳಿಯಲ್ಲಿರುತ್ತದೆ. ಸಾಹಸ ಅಂದರೆ ಆ ಗಿಳಿಯನ್ನು ಹುಡುಕುವುದು. ನಿನ್ನ ಚಕ್ರವರ್ತಿಯ ಗಿಳಿ ಎಲ್ಲಿದೆ ಅಂತ ನೀನು ಒಂದು ಸಲವೂ ಯೋಚಿಸಿಲ್ಲ ಅನ್ನಿಸಿತು.

ಸಂಗೊಳ್ಳಿ ರಾಯಣ್ಣನಿಗೆ ಅದು ಗೊತ್ತಿತ್ತು. ಕಿತ್ತೂರು ಬಿದ್ದ ಮೇಲೆ, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಆ ದಿನಗಳಲ್ಲಿ ರಾಯಣ್ಣ ಹೋರಾಟವನ್ನು ಕಾಡಿಗೆ ಒಯ್ದ. ಅವನ ಜನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಗಳಿಗೆ ಬೆಂಕಿ ಹಚ್ಚಿದರು. ಖಜಾನೆ ದೋಚಿದರು. ಜಮೀನಿನ ದಾಖಲೆಗಳನ್ನು ಸುಟ್ಟರು. ಈ ಕೊನೆಯದನ್ನು ಗಮನಿಸು. ಕಾಗದ ಸುಟ್ಟರೆ ಯಾರೂ ಸಾಯುವುದಿಲ್ಲ. ಆದರೆ ಯಾರ ಹೊಲ ಎಷ್ಟು, ಯಾರು ಎಷ್ಟು ಕೊಡಬೇಕು ಅನ್ನುವುದು ಇದ್ದದ್ದು ಆ ಕಾಗದದಲ್ಲೇ. ಕಂಪನಿಯ ಪ್ರಾಣ ದಫ್ತರದಲ್ಲಿತ್ತು. ಅದಕ್ಕೂ ಮೊದಲು, 1824ರಲ್ಲಿ, ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿಗೆ ಬಂದಾಗ ತೋಪು ಹಾರಿಸುವ ಮುಂಚೆ ಮಾಡಿದ ಕೆಲಸ ಯಾವುದು ಗೊತ್ತಾ? ಖಜಾನೆಗೆ ಮೊಹರು ಹಾಕಿಸಿದ್ದು.

ಇಂಥ ಒಂದು ಪುಟ ನಿನ್ನ ಕಾದಂಬರಿಯಲ್ಲೂ ಇದೆ. ನೀನೇ ಅದನ್ನು ಗಮನಿಸಿದ ಹಾಗಿಲ್ಲ. ವ್ಯಾಪಾರಿಗಳ ಗುಮಾಸ್ತ ಮುದುಕಿಯ ಹೊಲಕ್ಕೆ ಬರುತ್ತಾನಲ್ಲ, ಅದು. ಜೊತೆಗೆ ಆಳಿಲ್ಲ. ಅಳತೆ ಹಗ್ಗದ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, 'ಅಜ್ಜಿ, ಇದನ್ನ ಸ್ವಲ್ಪ ಹಿಡ್ಕೊಳ್ಳಿ' ಅನ್ನುತ್ತಾನೆ. ಅವಳು ಹಿಡಿದುಕೊಳ್ಳುತ್ತಾಳೆ. ಹಗ್ಗ ಸಡಿಲವಾದಾಗ ತಾನೇ ಎಳೆದು ಬಿಗಿ ಮಾಡುತ್ತಾಳೆ. ಅವನು ಥ್ಯಾಂಕ್ಸ್ ಹೇಳಿ, ಬರೆದುಕೊಂಡು ಹೋಗುತ್ತಾನೆ. ನಾಲ್ಕೇ ಸಾಲು! ಇಡೀ ಕಾದಂಬರಿಯಲ್ಲಿ ನನಗೆ ನಿಜವಾಗಿ ಹೆದರಿಕೆ ಆದದ್ದು ಅಲ್ಲಿ. ಚಕ್ರವರ್ತಿಯ ನಗುವಿಗೆ ಕೊಟ್ಟ ಪುಟಗಳನ್ನು ಈ ಹಗ್ಗಕ್ಕೆ ಕೊಡು.

ಹಗ್ಗದ ನಂತರ ಏನಾಗುತ್ತದೆ ಅನ್ನುವುದಕ್ಕೂ ಚರಿತ್ರೆಯಲ್ಲಿ ಬೇಕಾದಷ್ಟಿದೆ. ಕಂಪನಿ 1834ರಲ್ಲಿ ಕೊಡಗನ್ನು ನುಂಗಿತು. ಅಮರ ಸುಳ್ಯ, ಪುತ್ತೂರಿನ ಸೀಮೆಗಳನ್ನು ಅದರಿಂದ ಬಿಡಿಸಿ ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಬೆಳೆಯಲ್ಲೇ ತೆರಿಗೆ ಕೊಡುತ್ತಿದ್ದ ರೈತರು ಇನ್ನು ಮೇಲೆ ದುಡ್ಡೇ ಕೊಡಬೇಕು ಅಂದಿತು. ಕೇಳೋಕೆ ಸಣ್ಣ ಬದಲಾವಣೆ, ಅಲ್ವಾ? ಆದರೆ ಕಟ್ಟುವ ಹೊತ್ತಿಗೆ ರೈತನ ಹತ್ತಿರ ಭತ್ತ ಇರುತ್ತದೆ, ದುಡ್ಡು ಇರುವುದಿಲ್ಲ. ಸಿಕ್ಕಿದ ಬೆಲೆಗೆ ಮಾರಬೇಕು, ಇಲ್ಲ ಸಾಲ ಮಾಡಬೇಕು. 1837ರಲ್ಲಿ ಆ ಜನ ದಂಡು ಕಟ್ಟಿಕೊಂಡು ಮಂಗಳೂರಿಗೇ ನುಗ್ಗಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ. ನಿನ್ನ ಬೆಟ್ಟದ ರಾಜ್ಯದಲ್ಲಿ ಜನ ದಂಗೆ ಏಳುವುದು ಭವಿಷ್ಯವಾಣಿ ಕೇಳಿ. ಭವಿಷ್ಯವಾಣಿ ಇರಲಿ, ಬೇಡ ಅನ್ನಲ್ಲ. ಆದರೆ ಅದನ್ನು ನಂಬುವಷ್ಟು ಜನ ಯಾಕೆ ಬೇಸತ್ತಿದ್ದರು ಅನ್ನುವುದು ಮುದುಕಿಯ ಮನೆಯ ಲೆಕ್ಕದಲ್ಲಿ ಕಾಣಬೇಕು.

ಇನ್ನು ಮಂತ್ರದ ವಿಷಯ. ಫ್ಯಾಂಟಸಿಯಲ್ಲಿ ಮಂತ್ರ ಇರುತ್ತದೆ, ಚರಿತ್ರೆಯಲ್ಲಿ ಇರುವುದಿಲ್ಲ ಅಂತ ತಿಳಿದಿದ್ದೀಯಾ? ಈಗಿನ ಟಾಂಜಾನಿಯಾ ಆಗ ಜರ್ಮನರ ವಸಾಹತು. ಅಲ್ಲಿ ಹಳ್ಳಿಯವರಿಂದ ಬಲವಂತವಾಗಿ ಹತ್ತಿ ಬೆಳೆಸುತ್ತಿದ್ದರು. ಕಿಂಜಿಕಿಟಿಲೆ ಎಂಬ ದೈವದ ಮಾತು ಹೇಳುವವನು ಜನರಿಗೆ ಮಂತ್ರಿಸಿದ ನೀರು ಕೊಟ್ಟ. ಇದನ್ನು ಹಚ್ಚಿಕೊಂಡರೆ ಜರ್ಮನರ ಗುಂಡು ನೀರಾಗುತ್ತದೆ ಅಂದ. 1905ರಲ್ಲಿ ಜನ ಎದ್ದರು. ಮೊದಲು ಮಾಡಿದ್ದು ಹತ್ತಿ ಗಿಡ ಕಿತ್ತೆಸೆದದ್ದು. ನೋಡು, ಮತ್ತೆ ಗಿಳಿಯೇ! ಕಿಂಜಿಕಿಟಿಲೆಯನ್ನು ಜರ್ಮನರು ಬೇಗನೆ ಗಲ್ಲಿಗೇರಿಸಿದರು. ದಂಗೆ ನಿಲ್ಲಲಿಲ್ಲ, 1907ರವರೆಗೂ ನಡೆಯಿತು. ಮೆಷಿನ್ ಗನ್ ಮುಂದೆ ನೀರು ಕೆಲಸ ಮಾಡಲಿಲ್ಲ. ಆಮೇಲೆ ಜರ್ಮನರು ಬೆಳೆ ಸುಟ್ಟು ಬರ ತರಿಸಿದರು. ಸತ್ತವರು ಮೂರು ಲಕ್ಷದವರೆಗೂ ಇರಬಹುದು ಎಂಬ ಅಂದಾಜಿದೆ.

ಹಾಗಾದರೆ ಆ ನೀರು ಸುಳ್ಳೇ? ಓದುಗನಾಗಿ ನನಗೆ ಹಾಗನ್ನಿಸುವುದಿಲ್ಲ. ಒಬ್ಬರಿಗೊಬ್ಬರು ಆಗದ ಎಷ್ಟೋ ಬುಡಕಟ್ಟುಗಳು ಆ ನೀರಿನ ಹೆಸರಲ್ಲಿ ಒಂದಾದವು. ಗುಂಡು ತಡೆಯದಿದ್ದರೂ ಅದು ಹೆದರಿಕೆಯನ್ನು ತಡೆದಿತ್ತು. ನಿನ್ನ ಕತ್ತಿ ಮಾತ್ರ ಪ್ರತಿ ಸಲವೂ ಕೆಲಸ ಮಾಡುತ್ತದೆ. ಒಂದು ಸಲ ಕೈಕೊಡಲಿ. ಅದನ್ನು ನಂಬಿ ಬಂದವರು ಸಾಯಲಿ. ಮಾರನೇ ದಿನ ಅವರ ಮನೆಗಳ ಮುಂದೆ ಹುಡುಗಿ ನಡೆದು ಹೋಗಲಿ. ಅವಳು ಆಗ ಏನು ಮಾಡುತ್ತಾಳೆ ಅಂತ ನೋಡುವ ಆಸೆ ನನಗೆ.

ಸೋಲು ಬರೆಯುವುದು ಹೇಗೆ ಅಂತ ಹಲಗಲಿ ಬೇಡರ ಲಾವಣಿ ಕಲಿಸುತ್ತದೆ. ಶಾಲೆಯಲ್ಲಿ ಓದಿರಬೇಕು, ಮತ್ತೆ ಓದು. 1857ರಲ್ಲಿ ಆಯುಧ ಒಪ್ಪಿಸಿ ಅಂತ ಕಾನೂನು ಬಂತು, ಬೇಡರು ಕೊಡಲಿಲ್ಲ, ಇಂಗ್ಲಿಷರು ಊರು ಸುಟ್ಟರು. ಲಾವಣಿಕಾರ ಕಾಳಗದ ಕೊನೆಗೆ ಬಂದಾಗ ಅಳುವುದಿಲ್ಲ. ಲೂಟಿಯಾದ ಸಾಮಾನಿನ ಪಟ್ಟಿ ಕೊಡುತ್ತಾನೆ. ಕೊಡಲಿ, ಕುಡ, ಹಾಲು, ಮೊಸರು, ಉಪ್ಪು, ಜೀರಿಗೆ, ಬೀಸುಕಲ್ಲು, ಮಂಗಳಸೂತ್ರ. ಬೀಸುಕಲ್ಲನ್ನೂ ಬಿಡದೆ ಹೊತ್ತುಕೊಂಡು ಹೋದರು ಅಂದಮೇಲೆ ಇನ್ನೇನು ಹೇಳುವುದು ಉಳಿದಿದೆ? ನೀನು 'ಊರು ಸ್ಮಶಾನವಾಯಿತು' ಅಂತ ಬರೆದಿದ್ದೀಯ. ಹೊಡೆದುಹಾಕು ಅದನ್ನು.

ಇನ್ನೊಂದು ಮಾತು, ನಿನಗೆ ಹಿಡಿಸಲಿಕ್ಕಿಲ್ಲ. ನಿನ್ನ ಕತೆಯಲ್ಲಿ ಬೆಟ್ಟದವರೆಲ್ಲ ಒಳ್ಳೆಯವರು. ರಾಯಣ್ಣನನ್ನು ಹಿಡಿದುಕೊಟ್ಟದ್ದು ನಮ್ಮವರೇ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಹಿಡಿದುಕೊಟ್ಟವರನ್ನು ದ್ರೋಹಿ ಅಂತ ಬೈಯುವುದು ಸುಲಭ, ಬೈಯೋಣ ಬಿಡು. ಆದರೆ ಕಾದಂಬರಿ ಬರೆಯುವವಳು ಅವರ ಮನೆಯೊಳಕ್ಕೂ ಹೋಗಬೇಕು. ನಿನ್ನ ಗುಮಾಸ್ತ ಯಾವ ಊರಿನವನು? ಬೆಟ್ಟದವನೇ ಆಗಿದ್ದರೆ? ಆ ಮುದುಕಿಗೆ ದೂರದ ಸಂಬಂಧಿಯೇ ಆಗಿದ್ದರೆ?

ಗೆದ್ದ ಮೇಲಿನ ಕತೆಯನ್ನು ನೀನು ಬರೆದೇ ಇಲ್ಲ. ಫ್ರೆಂಚರ ವಸಾಹತಾಗಿದ್ದ ಹೈಟಿಯ ಗುಲಾಮರು 1791ರಲ್ಲಿ ಎದ್ದು, 1804ರಲ್ಲಿ ದೇಶ ಕಟ್ಟಿದರು. ಫ್ರಾನ್ಸ್ 1825ರಲ್ಲಿ ಯುದ್ಧನೌಕೆಗಳ ಜೊತೆ ಬಂದು ಬಿಲ್ ಕೊಟ್ಟಿತು: ನಮ್ಮ ತೋಟದ ಮಾಲೀಕರಿಗಾದ ನಷ್ಟಕ್ಕೆ 15 ಕೋಟಿ ಫ್ರಾಂಕ್ ಕೊಡಿ. ಆ ನಷ್ಟದಲ್ಲಿ ಆ ಗುಲಾಮರೂ ಸೇರಿದ್ದರು! ಆಮೇಲೆ 9 ಕೋಟಿಗೆ ಇಳಿಸಿದರು ಅನ್ನು. ಅದಕ್ಕಾಗಿ ಮಾಡಿದ ಸಾಲ ಪೂರ್ತಿ ತೀರಿದ್ದು 1947ರಲ್ಲಿ. ಯಾವ ರಾಕ್ಷಸನೂ ಇಷ್ಟು ತಣ್ಣಗೆ ಯೋಚಿಸುವುದಿಲ್ಲ.

ಇಷ್ಟೆಲ್ಲ ಹೇಳಿದೆ ಅಂತ ಕತೆಯನ್ನು ಗೋಳು ಮಾಡಬೇಡ. ಹೋರಾಟದಲ್ಲಿ ತಮಾಷೆಯೂ ಇರುತ್ತದೆ. 1942ರಲ್ಲಿ ಶಿವಮೊಗ್ಗ ಕಡೆಯ ಈಸೂರಿನವರು ತಮ್ಮ ಊರು ಸ್ವತಂತ್ರ ಅಂತ ಸಾರಿ, ಚಿಕ್ಕ ಹುಡುಗರನ್ನೇ ಅಮಲ್ದಾರ (ಈಗಿನ ತಹಶೀಲ್ದಾರ), ಇನ್ಸ್‌ಪೆಕ್ಟರ್ ಮಾಡಿದರು. ನಿಜವಾದ ಅಧಿಕಾರಿಗಳು ಬಂದಾಗ ಗಾಂಧಿ ಟೋಪಿ ಹಾಕಿಕೊಳ್ಳಿ ಅಂತ ಹಟ ಹಿಡಿದರು. ಆ ಗಲಾಟೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು, ಮರುವರ್ಷ ಊರಿನ ಐವರಿಗೆ ಗಲ್ಲಾಯಿತು. ಆ ಪುಟ್ಟ ಅಮಲ್ದಾರನಂಥವನು ಯಾವ ಫ್ಯಾಂಟಸಿಯಲ್ಲಿದ್ದರೂ ಒಪ್ಪುತ್ತಾನೆ. ಹಾಗಂತ ಅವನನ್ನೇ ಎತ್ತಿಕೊಂಡು, ಹೆಸರು ಬದಲಾಯಿಸಿ, ರೆಕ್ಕೆ ಹಚ್ಚಿ ಕಳಿಸಬೇಡ. ಸತ್ತವರ ಊರಿಗೆ ಹೆಸರಿದೆ, ಅವರ ಮನೆಯವರಿದ್ದಾರೆ. ಅಧಿಕಾರ ನಡೆಯುವ ರೀತಿಯನ್ನು ಚರಿತ್ರೆಯಿಂದ ತಗೋ, ಮನುಷ್ಯರನ್ನು ನೀನೇ ಹುಟ್ಟಿಸು.

ಎರಡನೇ ಅಧ್ಯಾಯದಿಂದ ಮತ್ತೆ ಬರಿ. ಮೊದಲು ಆ ಗುಮಾಸ್ತನಿಗೆ ಒಂದು ಹೆಸರಿಡು, ಸಂಬಳ ಎಷ್ಟು ಅಂತ ಗೊತ್ತು ಮಾಡಿಕೋ. ಕೊನೆಯ ಯುದ್ಧ ಅರ್ಧಕ್ಕೆ ಇಳಿಯಲಿ. ದೋಣಿ ನಡೆಸುವ ಕಿವುಡನನ್ನು ಮಾತ್ರ ಮುಟ್ಟಬೇಡ, ಅವನು ಚೆನ್ನಾಗಿ ಬಂದಿದ್ದಾನೆ. ಮುಗಿದಷ್ಟನ್ನು ಕಳಿಸು, ಪೂರ್ತಿ ಆಗಲಿ ಅಂತ ಕಾಯಬೇಡ.

ನಿನ್ನ,
ಅಣ್ಣ