ಸೀಸದ ಗುಂಡು, ಒಂದು ಥೌ ಅಂತರ: ಅಪ್ಪನಿಗೆ ಪತ್ರ

ಮಿಲ್ವಾಕಿ, ವಿಸ್ಕಾನ್ಸಿನ್

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮ. ನಿಮ್ಮ ಮತ್ತು ಅಮ್ಮನ ಆರೋಗ್ಯದ ಬಗ್ಗೆ ತಪ್ಪದೆ ತಿಳಿಸಿ.

ರಿವಾಲ್ವರಿಗಾಗಿ ನಾನು ಎರಕ ಹೊಯ್ದ ಸೀಸದ ಗುಂಡನ್ನು, ಅದನ್ನು ಹಿಂಡಿ ಅಳತೆಗೆ ತರುವ ಡೈಯೊಳಗೆ ಮತ್ತೆ ಏಕೆ ಹಾಯಿಸಬೇಕು, ಅಚ್ಚನ್ನೇ ಬೇಕಾದ ಅಳತೆಗೆ ಕೊರೆಸಿಬಿಟ್ಟರೆ ಆಗದೇ ಎಂದು ನೀವು ಫೋನಿನಲ್ಲಿ ಕೇಳಿದ್ದಿರಿ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯ ಟೂಲ್ ರೂಮಿನಲ್ಲಿ ಆಯುಷ್ಯ ಸವೆಸಿದವರ ಪ್ರಶ್ನೆಗೆ ಫೋನಿನಲ್ಲಿ ಅರ್ಧಂಬರ್ಧ ಉತ್ತರ ಕೊಡಲು ಮನಸ್ಸಾಗಲಿಲ್ಲ. ಆದ್ದರಿಂದ ಈ ಕಾಗದ.

ಮೊದಲಿಗೆ ಕಾನೂನಿನ ಮಾತು, ಏಕೆಂದರೆ ಅಮ್ಮನಿಗೆ ಅದರದೇ ಚಿಂತೆ. ವೀಸಾದ ಮೇಲಿದ್ದಷ್ಟು ಕಾಲ ನಾನು ಇದಕ್ಕೆ ಕೈ ಹಾಕಿರಲಿಲ್ಲ. ಇಲ್ಲಿನ ಕೇಂದ್ರ ಕಾನೂನಿನ ಪ್ರಕಾರ ತಾತ್ಕಾಲಿಕ ವೀಸಾದವರು, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ತೋಟಾ ಎಂಬುದರಲ್ಲಿ ಬರಿಯ ಸೀಸದ ಗುಂಡೂ ಸೇರುತ್ತದೆ. ಗ್ರೀನ್ ಕಾರ್ಡ್ ಬಂದ ಮೇಲೆ ಆ ಅಡ್ಡಿ ಹೋಯಿತು. ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಪರವಾನಗಿ ಬೇಡ. ಮಾರಾಟಕ್ಕೆ ತಯಾರಿಸುವವರಿಗೆ ಮಾತ್ರ ಬೇಕು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಈ ಕಾಗದವನ್ನು ಓದಿ ಮನೆಯ ಹುಡುಗರು ಉತ್ಸಾಹಗೊಂಡರೆ ಈ ಸಾಲನ್ನೇ ಇನ್ನೊಮ್ಮೆ ಓದಿಸಿ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಕ್ಲಬ್ಬಿನಲ್ಲಿ ಗುರಿ ಅಭ್ಯಾಸಕ್ಕೆ ಬಳಸುವುದು .38 ಸ್ಪೆಷಲ್ ತೋಟಾ ಹಾರಿಸುವ ಸ್ಮಿತ್ ಅಂಡ್ ವೆಸನ್ ರಿವಾಲ್ವರ್. ಹೆಸರಿನಲ್ಲಿ ಮೂವತ್ತೆಂಟು ಇದೆಯಾದರೂ ಗುಂಡಿನ ವ್ಯಾಸ 0.38 ಇಂಚು ಅಲ್ಲ; ಆ ಸಂಖ್ಯೆ ಮದ್ದು ತುಂಬಿ ಗುಂಡು ಕೂರಿಸುವ ಹಿತ್ತಾಳೆಯ ಕೇಸಿನ ಹೊರ ಅಳತೆಗೆ ಹತ್ತಿರವಾದದ್ದು, ಹಳೆಯ ಕಾಲದಿಂದ ಉಳಿದುಬಂದ ರೂಢಿ. ನಳಿಕೆಯ ಒಳಗೆ ಸುರುಳಿಯಾಗಿ ಕೊರೆದ ತೋಡುಗಳ ತಳದಿಂದ ತಳಕ್ಕೆ ಅಳೆದರೆ 0.357 ಇಂಚು. ತಾಮ್ರದ ಕವಚವಿರುವ ಕಾರ್ಖಾನೆಯ ಗುಂಡು ಇದೇ ಅಳತೆಯದ್ದಾಗಿರುತ್ತದೆ. ಬರಿಯ ಸೀಸದ ಗುಂಡನ್ನಾದರೆ ಸಾಮಾನ್ಯವಾಗಿ ಒಂದು ಥೌ (ಇಂಚಿನ ಸಾವಿರದಲ್ಲಿ ಒಂದು ಭಾಗ) ಹೆಚ್ಚಿಗೆ, ಎಂದರೆ 0.358ಕ್ಕೆ ಇಡುತ್ತಾರೆ. .45 ಎಸಿಪಿ ಎಂಬ ಇನ್ನೊಂದು ತೋಟಾದ ನಳಿಕೆಯಲ್ಲಿ ತೋಡಿನ ಅಳತೆ 0.451, ಸೀಸದ ಗುಂಡಿನದು 0.452. ಫಿಟ್ ಎಂದರೇನೆಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಆದರೆ ಇಲ್ಲಿ ಸಡಿಲವಾದರೆ ಆಗುವುದು ಅಲುಗಾಟವಲ್ಲ, ಸೋರಿಕೆ. ಉರಿಯುವ ಮದ್ದಿನ ಬಿಸಿ ಅನಿಲ ಗುಂಡಿನ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆದುಕೊಂಡು ಹೋಗುತ್ತದೆ, ಕೊರೆದ ಸೀಸ ನಳಿಕೆಯ ಆರಂಭದಲ್ಲೇ ಬೆಸುಗೆ ಹಾಕಿದಂತೆ ಅಂಟಿಕೊಳ್ಳುತ್ತದೆ, ಮತ್ತು ಅದರ ಮೇಲೆ ಹಾಯುವ ಮುಂದಿನ ಗುಂಡುಗಳ ಗುರಿ ಕೆಡುತ್ತದೆ.

ಸೀಸ ಅಂಟುತ್ತಿದೆ ಎಂದಾಕ್ಷಣ ಇಲ್ಲಿನ ಅನೇಕರು ಗುಂಡನ್ನು ಇನ್ನಷ್ಟು ಗಟ್ಟಿ ಮಾಡಲು ಹೊರಡುತ್ತಾರೆ. ನನ್ನ ಮಟ್ಟಿಗೆ ಅದು ಬಹುಪಾಲು ವ್ಯರ್ಥ ಪ್ರಯತ್ನ. ಅಳತೆ ಸರಿಯಿದ್ದರೆ ಗಡಸುತನದ ಬ್ರಿನೆಲ್ ಮಾಪನದಲ್ಲಿ 12ರ ಆಸುಪಾಸಿನ ಸೀಸ, ಅಂದರೆ ಹಳೆಯ ಕಾರುಗಳ ಚಕ್ರಕ್ಕೆ ಸಿಕ್ಕಿಸುತ್ತಿದ್ದ ತೂಕದ ಸೀಸ, .38ರ ಸೌಮ್ಯ ಒತ್ತಡಕ್ಕೆ ಧಾರಾಳವಾಗಿ ಸಾಕು. ಅಳತೆ ಕಡಿಮೆಯಾದರೆ ಮುದ್ರಣಾಲಯಗಳಲ್ಲಿ ಅಕ್ಷರ ಎರಕಕ್ಕೆ ಬಳಸುತ್ತಿದ್ದ ಬ್ರಿನೆಲ್ 22ರ ಲೈನೋಟೈಪ್ ಮಿಶ್ರಲೋಹವೂ ಕಾಪಾಡುವುದಿಲ್ಲ, ಬದಲಿಗೆ ಅಷ್ಟು ಗಟ್ಟಿಯಾದ ಗುಂಡು ಕಡಿಮೆ ಒತ್ತಡದಲ್ಲಿ ಹಿಗ್ಗಿ ಸಂದನ್ನು ಮುಚ್ಚುವುದೂ ಇಲ್ಲ.

ಹಾಗಾದರೆ ಸರಿಯಾದ ಅಳತೆಯನ್ನು ಹೇಳುವವರು ಯಾರು? ಕೈಪಿಡಿಯಲ್ಲ, ಡೈಯ ಪೆಟ್ಟಿಗೆಯ ಮೇಲಿನ ಅಂಕಿಯಲ್ಲ. ಆ ರಿವಾಲ್ವರೇ ಹೇಳಬೇಕು. ತೋಟಾಗಳನ್ನು ಹೊತ್ತು ತಿರುಗುವ ಅದರ ಸಿಲಿಂಡರಿನ ಪ್ರತಿ ಕೋಣೆಯ ಮುಂಬಾಯಿಯಲ್ಲಿ ಥ್ರೋಟ್ ಎಂಬ ಕಿರಿದಾದ ಭಾಗವಿದೆ. ಗುಂಡು ನಳಿಕೆಯನ್ನು ಸೇರುವ ಮುನ್ನ ಅದನ್ನು ದಾಟಲೇಬೇಕು. ಗುಂಡು ಆ ಥ್ರೋಟಿನಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಜಾರಬೇಕು, ತಾನಾಗಿ ಉದುರಬಾರದು. ಥ್ರೋಟ್ ನಳಿಕೆಯ ತೋಡಿನ ಅಳತೆಗಿಂತ ಕಿರಿದಾಗಿದ್ದರೆ ನೀವು ಎಷ್ಟೇ ದಪ್ಪದ ಗುಂಡು ಇಟ್ಟರೂ ಅಲ್ಲೇ ಹಿಂಡಿಹೋಗಿ, ನಳಿಕೆಗೆ ಬರುವಾಗ ತೆಳ್ಳಗಾಗಿಯೇ ಬರುತ್ತದೆ. ಅಂಥ ಸಿಲಿಂಡರನ್ನು ರಂಧ್ರ ಹಿಗ್ಗಿಸುವ ರೀಮರ್ ಹಾಕಿಸಿ ಸರಿಪಡಿಸಬೇಕೇ ಹೊರತು ಡೈ ಬದಲಾಯಿಸಿ ಫಲವಿಲ್ಲ.

ನಳಿಕೆಯ ಅಳತೆ ತೆಗೆಯುವ ಕ್ರಮ ನಿಮಗೆ ಮೆಚ್ಚುಗೆಯಾದೀತು. ರಿವಾಲ್ವರ್ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಸಿಲಿಂಡರನ್ನು ಹೊರಗೆ ಸರಿಸಿ, ನಳಿಕೆಗೆ ತೆಳುವಾಗಿ ಎಣ್ಣೆ ಸವರಿ, ಮಿದುವಾದ ಶುದ್ಧ ಸೀಸದ ತುಂಡೊಂದನ್ನು ಮರದ ಕಡ್ಡಿಯಿಂದ ಮೆಲ್ಲನೆ ತಟ್ಟುತ್ತ ಹಾಯಿಸುತ್ತೇವೆ. ಹೊರಬಂದ ತುಂಡಿನ ಮೇಲೆ ತೋಡುಗಳ ಅಚ್ಚು ಉಬ್ಬಾಗಿ ಮೂಡಿರುತ್ತದೆ. ತೊಡಕಿರುವುದು ಇಲ್ಲಿ. ಸ್ಮಿತ್ ಅಂಡ್ ವೆಸನ್ ನಳಿಕೆಯಲ್ಲಿ ತೋಡುಗಳು ಐದು. ಒಂದು ಉಬ್ಬಿನ ಎದುರಿಗೆ ತಗ್ಗು ಬರುವುದರಿಂದ ಸಾಮಾನ್ಯ ಮೈಕ್ರೋಮೀಟರಿಗೆ ಹಿಡಿತ ಸಿಗುವುದಿಲ್ಲ. ಐದು ಹಲ್ಲಿನ ರೀಮರ್ ಅಳೆಯಲು ನಿಮ್ಮ ಟೂಲ್ ರೂಮಿನಲ್ಲಿ ಬಳಸುತ್ತಿದ್ದ ವಿ-ಆನ್ವಿಲ್ (ವಿ ಆಕಾರದ ಆಸರೆಯ) ಮೈಕ್ರೋಮೀಟರ್ ಇದ್ದರೆ ಅದೇ ಸರಿಯಾದ ಉಪಕರಣ. ನನ್ನ ಬಳಿ ಅದಿಲ್ಲ. ತೆಳುವಾದ ಲೋಹದ ಶಿಮ್ ಹಾಳೆಯನ್ನು ತುಂಡಿಗೆ ಬಿಗಿಯಾಗಿ ಸುತ್ತಿ ಅಳೆದು, ಹಾಳೆಯ ದಪ್ಪದ ಎರಡರಷ್ಟನ್ನು ಕಳೆಯುತ್ತೇನೆ. ವರ್ನಿಯರ್ ಕ್ಯಾಲಿಪರಿನಿಂದ ಈ ಕೆಲಸ ಮುಗಿಸುವವರೂ ಇದ್ದಾರೆ. ಅರ್ಧ ಥೌ ಮುಖ್ಯವಾಗುವ ಕಡೆ ಅದನ್ನು ನಂಬುವುದಕ್ಕೆ ನೀವು ಬಿಡುವುದಿಲ್ಲವೆಂದು ಗೊತ್ತು.

ಇನ್ನು ಅಚ್ಚನ್ನೇ ಸರಿಯಾಗಿ ಕೊರೆಸುವ ನಿಮ್ಮ ಮಾತು. ಅದು ಅರ್ಧ ಸರಿ. ಒಂದೇ ಅಚ್ಚಿನಲ್ಲಿ ಹೊಯ್ದ ಗುಂಡು ಲೋಹಕ್ಕೆ ತಕ್ಕಂತೆ ಬೇರೆ ಬೇರೆ ಅಳತೆಗೆ ಬರುತ್ತದೆ: ಶುದ್ಧ ಸೀಸ ಆರುವಾಗ ಹೆಚ್ಚು ಕುಗ್ಗುತ್ತದೆ, ಸೀಸವನ್ನು ಗಟ್ಟಿಯಾಗಿಸಲು ಬೆರೆಸುವ ಆಂಟಿಮನಿ ಹೆಚ್ಚಿದಂತೆ ಕುಗ್ಗುವುದು ಕಡಿಮೆಯಾಗಿ ಗುಂಡು ದಪ್ಪಗೆ ಬರುತ್ತದೆ. ಅಚ್ಚಿನ ಎರಡು ಹೋಳುಗಳು ಕೂಡುವ ಗೆರೆಯಲ್ಲಿ ಗುಂಡು ಪೂರ್ತಿ ದುಂಡಗಿರುವುದೂ ಇಲ್ಲ. ಆದ್ದರಿಂದ ಅಚ್ಚನ್ನು ಸ್ವಲ್ಪ ದೊಡ್ಡದಾಗಿಯೇ ಇಟ್ಟು, 0.360ರ ಸುಮಾರಿಗೆ ಬಂದ ಗುಂಡನ್ನು ಡೈಯಲ್ಲಿ 0.358ಕ್ಕೆ ಇಳಿಸುತ್ತಾರೆ. ಎರಡು ಥೌ ಇಳಿಸಿದರೆ ಬಾಧಕವಿಲ್ಲ. ನಾಲ್ಕೈದು ಥೌ ಹಿಂಡಿದರೆ ಗುಂಡಿನ ಮೈಯ ಸುತ್ತಲಿನ, ಜಾರಲೆಂದು ಮೇಣ ತುಂಬುವ ತೋಡುಗಳು ಮುಚ್ಚಿಕೊಳ್ಳುತ್ತವೆ, ಅಂಚು ಸೊಟ್ಟಗಾಗುತ್ತದೆ. ಎಷ್ಟು ಕಡಿಮೆ ಹಿಂಡಿದರೆ ಅಷ್ಟು ಒಳ್ಳೆಯದು.

ನನ್ನ ಡೈ ಇದೇ ರಾಜ್ಯದ ಹಾರ್ಟ್‌ಫರ್ಡ್ ಊರಿನ ಲೀ ಪ್ರಿಸಿಷನ್ ಕಂಪನಿಯದು, 7/8 ಇಂಚಿನ, ಇಂಚಿಗೆ 14 ಎಳೆಗಳ ತಿರುಪಿನಿಂದ ಕೈಯಿಂದ ಒತ್ತುವ ಪ್ರೆಸ್ಸಿನ ತಲೆಗೆ ಕೂರುತ್ತದೆ. ಗುಂಡಿನ ತಳವನ್ನು ಚಪ್ಪಟೆ ಪಂಚಿನ ಮೇಲೆ ನಿಲ್ಲಿಸಿ ಹಿಡಿ ಒತ್ತಿದರೆ ಮೂಗು ಮುಂದಾಗಿ ಡೈ ದಾಟಿ ಮೇಲಿನ ಡಬ್ಬಿಗೆ ಬೀಳುತ್ತದೆ. ಒಳಗೆ ಹೋಗುವಾಗ ಬೂದು ಬಣ್ಣದ್ದು, ಹೊರಬರುವಾಗ ಪಕ್ಕದಲ್ಲಿ ಮಾತ್ರ ಕನ್ನಡಿಯಂಥ ಹೊಳಪಿನ ಪಟ್ಟಿ. ಆ ಪಟ್ಟಿ ಸುತ್ತಲೂ ಒಂದೇ ಅಗಲವಿದೆಯೇ ಎಂದು ನೋಡಬೇಕು. ಒಂದು ಕಡೆ ಮಾತ್ರ ಹೊಳೆದರೆ ಅಚ್ಚು ದುಂಡಗಿಲ್ಲ, ಇಲ್ಲವೇ ಗುಂಡು ಓರೆಯಾಗಿ ಹೋಗಿದೆ. ಮೇಣ ತುಂಬುವುದನ್ನೂ ಅಳತೆ ಕೂರಿಸುವುದನ್ನೂ ಒಟ್ಟಿಗೆ ಮಾಡುವ ಲೈಮನ್ ಕಂಪನಿಯ ಯಂತ್ರ ಕ್ಲಬ್ಬಿನಲ್ಲಿದೆ. ಅದರಲ್ಲಿ ಪಂಚು ಗುಂಡಿನ ಮೂಗನ್ನೇ ಒತ್ತುವುದರಿಂದ ಮೂಗಿನ ಆಕಾರಕ್ಕೆ ಹೊಂದುವ ಪಂಚನ್ನೇ ಆರಿಸಬೇಕು. ತಳವನ್ನು ಒತ್ತುವ ಸರಳ ಕ್ರಮವೇ ನನಗೆ ಇಷ್ಟ, ಏಕೆಂದರೆ ಗುರಿ ಕೆಡಿಸುವುದು ಮೂಗಿನ ಗಾಯಕ್ಕಿಂತ ತಳದ ಗಾಯ.

ಹೊಯ್ದ ಗುಂಡನ್ನು ನೀರಿಗೆ ಬೀಳಿಸಿ ಗಟ್ಟಿ ಮಾಡುವವರು ಅದು ದಿನ ಕಳೆದಂತೆ ಇನ್ನಷ್ಟು ಗಟ್ಟಿಯಾಗುವುದಕ್ಕೆ ಮೊದಲೇ ಡೈಗೆ ಹಾಕುವುದು ಲೇಸು. ತಡವಾಗಿ ಹಾಕಿದರೆ ಹಿಡಿ ಬಿಗಿಯುತ್ತದೆ, ಹಿಂಡಿದ ಮೈಭಾಗವೂ ಮೆತ್ತಗಾಗುತ್ತದೆ. ಮೇಣದ ಬದಲು ಪುಡಿ ಬಣ್ಣ ಬಳಿದು ಒಲೆಯಲ್ಲಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುವ ಕ್ರಮವೂ ಈಗ ಬಳಕೆಯಲ್ಲಿದೆ. ಬಣ್ಣ ವ್ಯಾಸವನ್ನು ಒಂದೆರಡು ಥೌ ಹೆಚ್ಚಿಸುವುದರಿಂದ ಅಲ್ಲಿ ಡೈಯ ಕೆಲಸ ಕೊನೆಗೆ.

ಇಷ್ಟೆಲ್ಲ ಮಾಡಿದ ಅಳತೆಯನ್ನು ಹಿತ್ತಾಳೆಯ ಕೇಸೇ ಹಾಳು ಮಾಡಬಹುದು. 9 ಎಂಎಂ ಪಿಸ್ತೂಲಿನ ತೋಟಾದಲ್ಲಿ ಕೇಸಿನ ಗೋಡೆ ಒಳಕ್ಕೆ ಹೋದಂತೆ ದಪ್ಪವಾಗುತ್ತದೆ. ಬಾಯಿಯನ್ನು ಸಾಕಷ್ಟು ಅಗಲಿಸದೆ ಗುಂಡು ಕೂರಿಸಿದರೆ 0.357ರ ಗುಂಡು ಒಳಗೇ ಹಿಂಡಿ 0.355ಕ್ಕೆ ಇಳಿದಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಮದ್ದು, ಮದ್ದಿಗೆ ಕಿಡಿ ಹಚ್ಚುವ ಪ್ರೈಮರ್ ಎರಡೂ ಇಲ್ಲದ ಖಾಲಿ ಕೇಸಿನಲ್ಲಿ ಗುಂಡನ್ನು ಕೂರಿಸಿ, ಮತ್ತೆ ಹೊರತೆಗೆದು ಅಳೆದರೆ ಮಾತ್ರ ನಿಜ ತಿಳಿಯುತ್ತದೆ. ಈ ಪರೀಕ್ಷೆಯನ್ನು ಬಿಟ್ಟುಬಿಟ್ಟು ಮೇಣವನ್ನೂ ಲೋಹವನ್ನೂ ದೂರುವವರೇ ಹೆಚ್ಚು.

ಅಮ್ಮನಿಗೆ ಹೇಳಿ: ಸೀಸ ಕರಗಿಸುವುದು ಗ್ಯಾರೇಜಿನ ಬಾಗಿಲು ತೆರೆದು, ಮಗು ಮನೆಯಲ್ಲಿಲ್ಲದಾಗ. ಆ ಬಿಸಿಗೆ ಸೀಸದ ಆವಿ ನಗಣ್ಯ. ಅಪಾಯವಿರುವುದು ಮೇಲೆ ತೇಲುವ ಕಿಟ್ಟದ ಧೂಳಿನಲ್ಲಿ, ಮತ್ತು ಕೈ ತೊಳೆಯದೆ ತಿನ್ನುವುದರಲ್ಲಿ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಅದು ಸಿಡಿಯುತ್ತದೆಂಬುದು ಎರಕದ ಮನೆ ನೋಡಿರುವ ನಿಮಗೆ ಗೊತ್ತೇ ಇದೆ. ಈ ಕೆಲಸದ ಬಟ್ಟೆಯೇ ಬೇರೆ, ಒಗೆಯುವುದೂ ಬೇರೆಯಾಗಿ.

ಕೊನೆಗೆ ನಿಮ್ಮಿಂದ ಒಂದು ಸಹಾಯ ಬೇಕು. ನನ್ನ ರಿವಾಲ್ವರಿನ ಥ್ರೋಟ್ ಸರಿಯಾಗಿ 0.3585 ಇದೆ, ಡೈಯಿಂದ ಹೊರಬರುವ ಗುಂಡು 0.358ಕ್ಕೆ ತುಸು ಕಡಿಮೆಯೇ. ಡೈಯನ್ನು ಅರ್ಧ ಥೌ ಹಿಗ್ಗಿಸಬೇಕು. ಸೀಳಿದ ಕಡ್ಡಿಗೆ ಎಮರಿ ಕಾಗದ ಸುತ್ತಿ ಡ್ರಿಲ್ಲಿನಲ್ಲಿ ತಿರುಗಿಸುವುದು ಇಲ್ಲಿನವರ ಪದ್ಧತಿ, ಆದರೆ ಬಾಯಿಯಲ್ಲಿ ಅಗಲವಾಗಿ ನಡುವೆ ಬಿಗಿಯಾಗಿ ಉಳಿಯುವುದೆಂಬ ಭಯ ನನಗಿದೆ. ಹಿತ್ತಾಳೆಯ ಲ್ಯಾಪ್ (ರಂಧ್ರದೊಳಗೆ ಉಜ್ಜುವ ಕಡ್ಡಿ) ಮಾಡಿಕೊಂಡು ಪೇಸ್ಟಿನಿಂದ ಉಜ್ಜಬೇಕೇ, ಎಷ್ಟು ಗ್ರಿಟ್‌ನಿಂದ ಆರಂಭಿಸಬೇಕು, ಲ್ಯಾಪ್ ಡೈಗಿಂತ ಎಷ್ಟು ಉದ್ದವಿರಬೇಕು ಎಂಬುದನ್ನು ವಿವರವಾಗಿ ಬರೆಯಿರಿ. ನಿಮ್ಮ ಉತ್ತರ ಬರುವವರೆಗೆ ಡೈಯನ್ನು ಮುಟ್ಟುವುದಿಲ್ಲ.

ಇತಿ,
ನಿಮ್ಮ ಪ್ರೀತಿಯ ಮಗಳು