ಬೈದಷ್ಟೇ ಜೋರಾಗಿ ಒಪ್ಪಿಕೊಳ್ಳಲಿ

ಮಗಳೇ,

ಮನಸ್ಸಿಲ್ಲದೆ ತಪ್ಪು ಒಪ್ಪಿಕೊಳ್ಳುವವರನ್ನು ಕಂಡರೆ ನಿನಗೆ ಮೈಯೆಲ್ಲ ಉರಿಯುತ್ತದೆ. ನನಗೆ ಅಷ್ಟು ಸಿಟ್ಟು ಬರುವುದಿಲ್ಲ. ತಪ್ಪು ಒಪ್ಪುವುದು ಯಾರಿಗೆ ತಾನೇ ಸುಲಭ? ಗಂಟಲಲ್ಲಿ ಮುಳ್ಳು ಸಿಕ್ಕಂತೆ ಹೇಳಿದರೂ ಪರವಾಗಿಲ್ಲ, ಹೇಳಿದರಾಯಿತು. ನನ್ನ ತಕರಾರು ಬೇರೆ. ಎಲ್ಲರ ಎದುರು ಬೈದು, ಆಮೇಲೆ ಯಾರೂ ಇಲ್ಲದಾಗ ಕಿವಿಯಲ್ಲಿ ಒಪ್ಪಿಕೊಳ್ಳುತ್ತಾರಲ್ಲ, ಅದು ಒಪ್ಪಿಕೊಂಡ ಲೆಕ್ಕವೇ ಅಲ್ಲ.

ಬೆಳಗಾವಿಯಲ್ಲಿ ನಿನ್ನ ಮ್ಯಾನೇಜರ್ ಮಾಡಿದ್ದು ಅದನ್ನೇ. ಎಸ್ಟಿಮೇಟಿನಲ್ಲಿ ಅಂಕಿ ತಪ್ಪಾಗಿದೆ ಅಂತ ಮೀಟಿಂಗಿನಲ್ಲಿ ನಿನ್ನನ್ನು ನಿಲ್ಲಿಸಿ ಕೇಳಿದರು. ತಪ್ಪು ಶೀಟು ಅವರೇ ಕಳಿಸಿದ್ದು ಅಂತ ಸಂಜೆ ಗೊತ್ತಾಯಿತು. ರಾತ್ರಿ ಬಂದ ವಾಟ್ಸಾಪ್ ಮೆಸೇಜನ್ನು ನೀನು ನನಗೆ ಕಳಿಸಿದ್ದೀಯ: ‘ಓಕೆ, ನನ್ನ ಕಡೆಯಿಂದ ಮಿಸ್ ಆಗಿತ್ತು’, ಪಕ್ಕದಲ್ಲೊಂದು ಹೆಬ್ಬೆರಳು. ಅದೂ ಗ್ರೂಪಿನಲ್ಲಲ್ಲ, ನಿನಗೊಬ್ಬಳಿಗೆ. ಮೀಟಿಂಗಿನಲ್ಲಿದ್ದವರ ಕಣ್ಣಿಗೆ ಇವತ್ತಿಗೂ ತಪ್ಪು ಮಾಡಿದವಳು ನೀನೇ, ಅಲ್ವಾ?

ಕೋಮಗಾಟ ಮಾರು ಹಡಗಿನ ಕಥೆ ನಿನಗೆ ಹೇಳಿದ್ದೆನೋ ಇಲ್ಲವೋ ನೆನಪಿಲ್ಲ. 1914ರಲ್ಲಿ ನಮ್ಮ ದೇಶದ 376 ಜನ, ಹೆಚ್ಚಿನವರು ಸಿಖ್ಖರು, ಆ ಹಡಗಿನಲ್ಲಿ ಕೆನಡಾದ ವ್ಯಾಂಕೂವರಿಗೆ ಹೋದರು. ಸ್ವಂತ ದೇಶದಿಂದ ಎಲ್ಲೂ ನಿಲ್ಲದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಅನ್ನುವ ನಿಯಮ ಅಲ್ಲಿತ್ತು. ಅದನ್ನೇ ಮುಂದಿಟ್ಟು ಎರಡು ತಿಂಗಳು ಹಡಗನ್ನು ಬಂದರಿನಲ್ಲೇ ತಡೆದು ನಿಲ್ಲಿಸಿ, ಹೆಚ್ಚುಕಡಿಮೆ ಎಲ್ಲರನ್ನೂ ವಾಪಸ್ ಅಟ್ಟಿದರು. ಕಲ್ಕತ್ತಾ ಹತ್ತಿರ ಬಂದಿಳಿದಾಗ ಪೊಲೀಸರು ಗುಂಡು ಹಾರಿಸಿ ಹಲವರು ಸತ್ತರು. 2008ರ ಆಗಸ್ಟಿನಲ್ಲಿ ಕೆನಡಾದ ಪ್ರಧಾನಿ ಸ್ಟೀಫನ್ ಹಾರ್ಪರ್ ಸರ್ರೆ ಊರಿನ ಪಾರ್ಕಿನಲ್ಲಿ ನಡೆದ ಒಂದು ಮೇಳಕ್ಕೆ ಬಂದು ಕ್ಷಮೆ ಕೇಳಿದರು. ಅಲ್ಲಿನ ಸಿಖ್ ಮುಖಂಡರು ಒಪ್ಪಲಿಲ್ಲ. ಹೇಳುವುದಾದರೆ ಸಂಸತ್ತಿನಲ್ಲೇ ಹೇಳಿ ಅಂದರು. ಹಟಮಾರಿಗಳು ಅನ್ನಿಸಬಹುದು. ನನಗೆ ಮಾತ್ರ ಅವರ ಮೇಲೆ ತುಂಬ ಗೌರವ. ಅಟ್ಟಿದ್ದು ಸರ್ಕಾರ, ದೇಶದ ಹೆಸರಿನಲ್ಲಿ. ಒಪ್ಪಿಕೊಳ್ಳುವುದು ಮೇಳದಲ್ಲಾದರೆ ಹೇಗೆ? ಮತ್ತೆ ಕಾದರು. 2016ರ ಮೇ 18ರಂದು ಜಸ್ಟಿನ್ ಟ್ರುಡೊ ಸಂಸತ್ತಿನಲ್ಲಿ ಎದ್ದುನಿಂತು ಕ್ಷಮೆ ಕೇಳಿದರು.

ನಮ್ಮ ಸುಪ್ರೀಂ ಕೋರ್ಟ್ ಕೂಡ 2024ರ ಏಪ್ರಿಲ್‌ನಲ್ಲಿ ಪತಂಜಲಿಯವರಿಗೆ ಇಂಥದ್ದೇ ಪ್ರಶ್ನೆ ಕೇಳಿತ್ತು. ದಾರಿ ತಪ್ಪಿಸುವ ಜಾಹೀರಾತಿನ ಕೇಸು ಅದು. 67 ಪತ್ರಿಕೆಗಳಲ್ಲಿ ಕ್ಷಮೆ ಹಾಕಿಸಿದ್ದೇವೆ ಅಂದರು ಅವರು. ನಿಮ್ಮ ಜಾಹೀರಾತಿನಷ್ಟೇ ದೊಡ್ಡದಾಗಿ ಹಾಕಿಸಿದ್ದೀರಾ ಅಂತ ಕೋರ್ಟ್ ಕೇಳಿತು. ಮರುದಿನವೇ ಪತ್ರಿಕೆಗಳಲ್ಲಿ ಮೊದಲಿಗಿಂತ ದೊಡ್ಡದು ಬಂತು. ಮನಸ್ಸಿನಿಂದ ಬಂತೋ ಇಲ್ಲವೋ, ಓದುವವರ ಕಣ್ಣಿಗಂತೂ ಬಿತ್ತು.

ಅಷ್ಟು ದೂರ ಯಾಕೆ, ನಿನ್ನ ಚಿಕ್ಕಮ್ಮನನ್ನೇ, ನಮ್ಮ ಕಾಕುವನ್ನೇ ನೋಡು. ಇಲ್ಲಿ ವಿಜಯಪುರದಲ್ಲಿ ಒಣದ್ರಾಕ್ಷಿ ಆರಿಸುವ ಶೆಡ್ಡಿಗೆ ಹೋಗುತ್ತಿದ್ದಳಲ್ಲ, ಆಗಿನ ಮಾತು. ಒಂದು ಬಾಕ್ಸ್ ಕಡಿಮೆ ಬಿತ್ತು ಅಂತ ಮಾಲೀಕ ಎಲ್ಲ ಹೆಣ್ಣುಮಕ್ಕಳ ಎದುರು ಇವಳ ಚೀಲ ಸುರಿಸಿ ನೋಡಿದ. ಬುತ್ತಿ ಡಬ್ಬಿ, ಎಲೆಅಡಿಕೆ ಸಂಚಿ ಎಲ್ಲ ನೆಲಕ್ಕೆ ಬಿದ್ದವು. ಮರುದಿನ ಬಾಕ್ಸ್ ಟೆಂಪೋದಲ್ಲಿ ಸಿಕ್ಕಿತು. ಸಂಜೆ ಎಲ್ಲರೂ ಹೋದ ಮೇಲೆ ಒಂದು ಕಿಲೋ ಒಳ್ಳೆ ದ್ರಾಕ್ಷಿ ಕಟ್ಟಿ ಇವಳ ಕೈಗಿಟ್ಟ. ಇವಳು ವಾಪಸ್ ಅಲ್ಲೇ ಇಟ್ಟಳು. ‘ಇದು ಬ್ಯಾಡ್ರಿ. ನಾಳೆ ಎಲ್ಲಾರೂ ಇದ್ದಾಗ ಹೇಳ್ರಿ’ ಅಂದಳು. ಆತ ಮರುದಿನ ತಕ್ಕಡಿ ಕಡೆ ಮುಖ ಮಾಡಿಕೊಂಡೇ ‘ಬಾಕ್ಸ್ ಗಾಡ್ಯಾಗ ಉಳದಿತ್ತು, ಈಕಿದೇನೂ ತಪ್ಪಿಲ್ಲ’ ಅಂದ. ಅಷ್ಟೇ. ಕಾಕು ಮುಂದೆ ಒಂದು ಮಾತೂ ಆಡದೆ ಆರಿಸಲು ಕುಳಿತಳು. ಆತ ತನ್ನ ಮುಖ ನೋಡಿ ಹೇಳಲಿಲ್ಲ ಅಂತ ಅವಳು ಯಾವತ್ತೂ ಕೊರಗಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಜೊತೆಯಲ್ಲಿ ಕುಳಿತ ಹೆಣ್ಣುಮಕ್ಕಳ ಕಿವಿಗೆ ಆ ಮಾತು ಬೀಳುವುದು.

ನೀನೂ ಹಾಗೇ ಕೇಳು. ಸೋಮವಾರದ ಮೀಟಿಂಗಿಗೆ ಮೊದಲೇ ಹೋಗಿ, ‘ಸರ್, ಶೀಟಿನ ವಿಷಯ ಮೀಟಿಂಗಿನಲ್ಲೇ ಒಮ್ಮೆ ಹೇಳಿಬಿಡಿ’ ಅನ್ನು. ಮುಖ ಗಂಟಿಕ್ಕಿಕೊಂಡು ಹೇಳಿದರೂ ಸರಿ, ಅರ್ಧ ವಾಕ್ಯದಲ್ಲಿ ಮುಗಿಸಿದರೂ ಸರಿ. ಹೇಳಿದ ಮೇಲೆ ಅದನ್ನು ಕ್ಯಾಂಟೀನಿನಲ್ಲಿ ಎಳೆದಾಡಬೇಡ. ಆಗಲ್ಲ ಅಂದರೆ, ಆ ಶೀಟನ್ನು ಸೇರಿಸಿ ಮೀಟಿಂಗಿನಲ್ಲಿದ್ದ ಎಲ್ಲರಿಗೂ ನೀನೇ ಮೇಲ್ ಮಾಡು. ಸಿಟ್ಟಿನ ಮಾತು ಬೇಡ. ಯಾವ ಶೀಟು, ಯಾವತ್ತು ಬಂತು, ಯಾರಿಂದ ಬಂತು, ಇಷ್ಟು ಬರೆದರೆ ಸಾಕು.

ನಿನ್ನ ಅವ್ವ