ಮಗಳಿಗೊಂದು ಪತ್ರ: ನೇರಳೆ ನೆಲ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಾಳೆ ಈ ಹೊತ್ತಿಗೆ ನೀನು ಬರೋಡಾದ ರೈಲಿನಲ್ಲಿರುತ್ತೀಯ. ಚಿತ್ರಕಲೆಗೆಂದು ಬ್ಯಾಂಕಿನ ಕೆಲಸ ಬಿಟ್ಟದ್ದಕ್ಕೆ ನಾನು ಏನೇನು ಅಂದೆನೆಂದು ಮತ್ತೆ ಬರೆಯುವುದಿಲ್ಲ. ನೀನು ಬಾಗಿಲು ಹಾಕಿಕೊಂಡ ಮೇಲೆ ನೋಡಿದೆ, ಮೇಜಿನ ಮೇಲಿನ ಪುಸ್ತಕ ಚಿತ್ರಕಾರ ವ್ಯಾನ್ ಗೋನ ‘ಕೆಂಪು ದ್ರಾಕ್ಷಿತೋಟ’ ಎಂಬ ಚಿತ್ರದ ಪುಟದಲ್ಲಿ ತೆರೆದಿತ್ತು.

ಲೆಕ್ಕ ಬರೆದೇ ಮುದುಕನಾದವನು ನಾನು, ಮೊದಲು ಕಣ್ಣಿಗೆ ಬಿದ್ದದ್ದು ಬೆಲೆ. 1890ರಲ್ಲಿ, ಬ್ರಸೆಲ್ಸ್‌ನ ಪ್ರದರ್ಶನದಲ್ಲಿ ಆನಾ ಬಾಕ್ ಎಂಬ ಚಿತ್ರಕಾರ್ತಿ ಅದನ್ನು 400 ಫ್ರಾಂಕಿಗೆ ಕೊಂಡಳು. ಜುಲೈನಲ್ಲಿ ಆತ ತೀರಿಕೊಂಡ. ಬದುಕಿದ್ದಾಗ ಮಾರಾಟವಾದದ್ದು ಇದೊಂದೇ ಎಂಬ ಮಾತು ಪೂರ್ತಿ ನಿಜವಲ್ಲ. ಚಿಕ್ಕಪ್ಪನೊಬ್ಬ ಹಿಂದೆಯೇ ರೇಖಾಚಿತ್ರಗಳಿಗೆ ಹಣ ಕೊಟ್ಟಿದ್ದ. ಆದರೂ ಬೆಳಿಗ್ಗೆ ನಿನ್ನೆದುರು ಈ ಅಂಕಿ ಹಿಡಿದು ನಿಲ್ಲಬೇಕೆಂದುಕೊಂಡೆ. ಸುಳ್ಳು ಹೇಳುವುದಿಲ್ಲ.

ಪುಟ ತಿರುಗಿಸಿದಾಗ ಮತ್ತೊಂದು ಸಂಗತಿ ಸಿಕ್ಕಿತು. 1888ರ ಶರತ್ಕಾಲದ ಒಂದು ಭಾನುವಾರ, ಫ್ರಾನ್ಸಿನ ಆರ್ಲ್‌ನಲ್ಲಿ ಚಿತ್ರಕಾರ ಗೆಳೆಯ ಗೋಗ್ಯಾನ್ ಜೊತೆ ತಿರುಗಾಡಲು ಹೋದವನಿಗೆ ತೋಟ ದ್ರಾಕ್ಷಾರಸದಂತೆ ಕೆಂಪಗೆ, ಮಳೆ ನಿಂತ ನೆಲ ನೇರಳೆಯಾಗಿ ಕಂಡಿತಂತೆ. ತಮ್ಮ ಥಿಯೋಗೆ ಹಾಗೆಂದು ಬರೆದಿದ್ದಾನೆ.

ನೇರಳೆ ನೆಲ, ಪುಟ್ಟಿ. ಎರಡನೇ ತರಗತಿಯಲ್ಲಿ ನೀನು ಮಳೆ ನಿಂತ ನಮ್ಮ ಅಂಗಳಕ್ಕೆ ಅದೇ ಬಣ್ಣ ಬಳಿದಿದ್ದೆ. “ಮಣ್ಣು ಯಾವ ಬಣ್ಣ?” ಎಂದು ಕೇಳಿ, ಕುಂಚ ಕಿತ್ತುಕೊಂಡು, ನಾನೇ ಕಂದು ಬಳಿದೆ. ಹಸಿ ಬಣ್ಣಕ್ಕೆ ಬಣ್ಣ ಬಿದ್ದು ಹಾಳೆ ಎದ್ದುಬಂತು. ನೀನು ಅಳಲಿಲ್ಲ. ಅತ್ತಿದ್ದರೆ ಆವತ್ತೇ ಮರೆಯುತ್ತಿದ್ದೆನೇನೋ. ಮರುದಿನವೂ ಮಳೆ ಬಂತು, ಬಿಸಿಲು ಇಳಿಯುವಾಗ ಅಂಗಳಕ್ಕೆ ಹೋಗಿ ನಿಂತೆ. ನೇರಳೆಯೇ ಇತ್ತು. ಒಳಗೆ ಬಂದು ಹೇಳಲಿಲ್ಲ. ಇಷ್ಟು ವರ್ಷವೂ ಹೇಳಲಿಲ್ಲ.

ಈಗ ಆ ಚಿತ್ರ ಮಾಸ್ಕೋದ ಪುಷ್ಕಿನ್ ಮ್ಯೂಸಿಯಂನಲ್ಲಿದೆ. ಮೊರೊಜೊವ್ ಎಂಬ ಗಿರಣಿ ಶ್ರೀಮಂತನ ಸಂಗ್ರಹದಲ್ಲಿತ್ತು, ಕ್ರಾಂತಿಯ ನಂತರ ಸರ್ಕಾರದ ಪಾಲಾಯಿತು. ಚಿತ್ರ ಬರೆದವನಿಗೆ ಅದೇನೂ ದಕ್ಕಲಿಲ್ಲ, ನೋಡು. ಅದಕ್ಕೇ ಹೇಳುವುದು: ಅವನಂತೆ ಇದ್ದದ್ದನ್ನೆಲ್ಲ ಬಣ್ಣಕ್ಕೆ ಸುರಿದು ಬ್ರೆಡ್ಡು, ಕಾಫಿಯಲ್ಲಿ ದಿನ ದೂಡಬೇಡ. ರಾತ್ರಿ ಊಟ ತಪ್ಪಿಸಬೇಡ. ಕಣ್ಣು ಪರೀಕ್ಷೆ ಮಾಡಿಸು. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡ. ಉಪದೇಶ ಬೇಡವೆಂದುಕೊಂಡೇ ಬರೆಯಲು ಕುಳಿತಿದ್ದೆ.

ಅಣ್ಣನನ್ನು ಸಾಕಿದವನು ಥಿಯೋ. ಅಣ್ಣ ಸತ್ತ ಆರು ತಿಂಗಳಿಗೆ ಅವನೂ ಹೋದ. ಆ ಪುಟ ಓದಿ ನಿದ್ದೆ ಬರಲಿಲ್ಲ. ನನ್ನ ಪಿಂಚಣಿ ಐದನೇ ತಾರೀಖಿನೊಳಗೆ ಬರುತ್ತದೆ, ಆರಕ್ಕೆ ನಿನ್ನ ಖಾತೆಗೆ ಹಾಕುತ್ತೇನೆ. ಸಾಲದಿದ್ದರೆ ಅಮ್ಮನ ಕೈಯಲ್ಲಿ ಹೇಳಿಸಬೇಡ, ನನ್ನನ್ನೇ ಕೇಳು.

ಇಂತಿ,
ನಿನ್ನ ಅಪ್ಪ